ಗೋಡೆಯ ಚಿತ್ರ ಯಾರದು?

ಬಸ್ ನಿಲ್ದಾಣದ ಬಳಿಯ ಗೋಡೆಚಿತ್ರವೊಂದರ ಫೋಟೊ ತೆಗೆದು ಸ್ಪರ್ಧೆಗೆ ಕಳುಹಿಸಲು ಸಿದ್ಧಮಾಡಿದ್ದೆ. ಅಂದವಾಗಿ ಕಾಣಲೆಂದು ಮೂಲೆಯಲ್ಲಿದ್ದ ಕಲಾವಿದರ ಸಹಿಯನ್ನು ಕತ್ತರಿಸಿದ್ದೆ. ನೋಡಿದ ಅಕ್ಕ, "ಇದು ನಿನ್ನ ಚಿತ್ರವಾ?" ಎಂದು ಕೇಳಿದಳು. ಉತ್ತರಕ್ಕಾಗಿ ಕಾನೂನು ಓದಿದೆ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಸಾಮಾನ್ಯವಾಗಿ ಅದನ್ನು ಬರೆದವರದ್ದು, ನೋಂದಣಿ ಕಡ್ಡಾಯವಲ್ಲ. ಅವರ ನಿಧನದ ನಂತರವೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಶಿಲ್ಪದ ಫೋಟೊ ತೆಗೆದು ಪ್ರಕಟಿಸಲು 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಆ ವಿನಾಯಿತಿಯಲ್ಲಿ ವರ್ಣಚಿತ್ರದ ಹೆಸರಿಲ್ಲ. ಮುಂಬೈನ ಗೋಡೆಚಿತ್ರವೊಂದನ್ನು ಕಂಪನಿಯೊಂದು ಜಾಹೀರಾತಿಗೆ ಬಳಸಿದಾಗ, 2023ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ತೆಗೆಯಲು ಸೂಚಿಸಿತು.

57ನೇ ಸೆಕ್ಷನ್ ಓದಿದಾಗ ನಾಚಿಕೆಯಾಯಿತು. ಕೃತಿಯ ಹಕ್ಕನ್ನು ಮಾರಿದರೂ "ಇದು ನನ್ನದು" ಎನ್ನುವ ಅಧಿಕಾರ ಕಲಾವಿದರಿಗೆ ಉಳಿಯುತ್ತದಂತೆ. ನಾನು ಕತ್ತರಿಸಿದ್ದು ಅದನ್ನೇ.

ಫೋಟೊದ ಕೋನ, ಬೆಳಕು ನನ್ನವು. ಬಣ್ಣ, ಕಲ್ಪನೆ ಅವರವು. ಇನ್ನೊಬ್ಬರ ಸ್ವತ್ತು ನಮ್ಮ ಕೈಯಲ್ಲಿದ್ದರೆ ಅದು ಅಮಾನತ್ ಎಂದು ಮನೆಯಲ್ಲಿ ಕೇಳುತ್ತಲೇ ಬೆಳೆದವನು ನಾನು. ಸಹಿಯಲ್ಲಿದ್ದ ಹೆಸರು ಹುಡುಕಿ, ಒಪ್ಪಿಗೆ ಕೇಳಿ ಸಂದೇಶ ಕಳುಹಿಸಿದ್ದೇನೆ. ಸ್ಪರ್ಧೆಯ ಕೊನೆಯ ದಿನ ದಾಟಿತು. ಸಹಿಯೂ ಇರುವ ಮೂಲ ಫೋಟೊ ಮೊಬೈಲ್‌ನಲ್ಲಿದೆ, ಉತ್ತರಕ್ಕಾಗಿ ಕಾಯುತ್ತಿದ್ದೇನೆ.