ಅಭಿಮಾನಿಯ ವಯಸ್ಸು ಮತ್ತು ನಿರೀಕ್ಷೆಯ ಆರಂಭಿಕ ಶಿಲ್ಕು

ಯಾವುದೇ ಲೆಕ್ಕಪತ್ರದ ಪರಿಶೀಲನೆಯಲ್ಲಿ ಮೊದಲು ನೋಡಬೇಕಾದುದು ಆರಂಭಿಕ ಶಿಲ್ಕು. ಕ್ರೀಡಾತಂಡವೊಂದರಿಂದ ಅಭಿಮಾನಿಯು ಏನನ್ನು ನಿರೀಕ್ಷಿಸುತ್ತಾನೆಂಬುದೂ ಆತನ ಖಾತೆ ಯಾವ ವರ್ಷ ತೆರೆಯಿತೆಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿದೆ. ಐ.ಪಿ.ಎಲ್. ಪಂದ್ಯಗಳ ಕಾಲದಲ್ಲಿ ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಾಗಲಿ, ಮಾನ್ವಿ, ದೇವದುರ್ಗಗಳ ಅಂಗಡಿಗಳಲ್ಲಾಗಲಿ, ಒಂದೇ ತಂಡದ ಕುರಿತು ಅಜ್ಜ, ಮಗ, ಮೊಮ್ಮಗ ಆಡುವ ಮಾತು ಕೇಳಿದವರಿಗೆ ಇದು ವೇದ್ಯವಾದೀತು.

ನಮ್ಮ ಹಿರಿಯರ ಖಾತೆ ಬೇರೊಂದು ರಾಜ್ಯದಲ್ಲಿ ತೆರೆದದ್ದು. 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಸೈಯದ್ ಅಬ್ದುಲ್ ರಹೀಮರ ತರಬೇತಿಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್ ತಂಡವು 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದ ಕಾಲವದು. ಆಗ ಬಾಲಕರಾಗಿದ್ದವರು ಇಂದು ಎಂಬತ್ತರ ಆಚೀಚೆ ಇದ್ದಾರೆ. ಹರಾಜಿನಲ್ಲಿ ಕೊಂಡ ಆಟಗಾರರಿಂದ ಅವರು ಹೆಚ್ಚೇನನ್ನೂ ಬಯಸುವುದಿಲ್ಲ. ಹಾಗಾಗಿ ನಿರಾಶೆಯೂ ಕಡಿಮೆ.

ಐವತ್ತು ದಾಟಿದ ನನ್ನಂಥವರದು ರಣಜಿ ಖಾತೆ. 1973-74ರಲ್ಲಿ ಕರ್ನಾಟಕವು ಮುಂಬಯಿಯ ಹದಿನೈದು ವರ್ಷಗಳ ಅಖಂಡ ಆಧಿಪತ್ಯವನ್ನು ಮುರಿದ ಕಥೆ ಕೇಳಿ ಬೆಳೆದು, 1995-96ರಿಂದ 1998-99ರೊಳಗೆ ಮೂರು ಪ್ರಶಸ್ತಿಗಳನ್ನು ಕಂಡವರು ನಾವು. ತಂಡ ಸೋತರೆ ಮುಂದಿನ ವರ್ಷ ನೋಡೋಣವೆನ್ನುವ ತಾಳ್ಮೆ ಅಲ್ಲಿಂದ ಬಂದುದು.

ನಿಜವಾದ ಭಾರ ಹೊತ್ತವರು ಇಂದು ಮೂವತ್ತರ ಆಸುಪಾಸಿನಲ್ಲಿರುವವರು. 2008ರಲ್ಲಿ ರಾಯಲ್ ಚಾಲೆಂಜರ್ಸ್ ತಂಡ ಹುಟ್ಟಿದಾಗ ಅವರು ಶಾಲಾ ಮಕ್ಕಳು. 2009, 2011, 2016 – ಮೂರು ಅಂತಿಮ ಪಂದ್ಯಗಳಲ್ಲಿ ಸೋಲು. ಅದರಲ್ಲಿಯೂ 2009ರಲ್ಲಿ ಡೆಕ್ಕನ್ ಚಾರ್ಜರ್ಸ್‌ಗೆ 6 ರನ್‌ಗಳಿಂದ, 2016ರಲ್ಲಿ ಸನ್‌ರೈಸರ್ಸ್‌ಗೆ 8 ರನ್‌ಗಳಿಂದ. ಎರಡೂ ಹೈದರಾಬಾದಿನ ತಂಡಗಳು. ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರವಿರುವ ನಮ್ಮ ಹುಡುಗರು ಸರಕಿಗೆಂದು ಅಲ್ಲಿಗೇ ಹೋಗಿ ಆ ಸೋಲಿನ ಚೇಷ್ಟೆ ಕೇಳಬೇಕಿತ್ತು! ಆದರೂ ‘ಈ ಸಲ ಕಪ್ ನಮ್ದೆ’ ಎಂದು ಪ್ರತಿ ವರ್ಷ ಬಾಕಿಯನ್ನು ಮುಂದಕ್ಕೆ ಒಯ್ದರೇ ಹೊರತು ಮುಳುಗಿದ ಸಾಲವೆಂದು ಕೈಬಿಡಲಿಲ್ಲ. ಕಾಲುವೆಯ ಕೊನೆಯ ಭಾಗದ ಮಾನ್ವಿಯ ರೈತನಿಗೆ ಈ ಕಾಯುವಿಕೆ ಹೊಸದಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ ಬಾಕಿ ವಸೂಲಾಯಿತು, ಅದೂ 6 ರನ್‌ಗಳಿಂದಲೇ.

ಹತ್ತು ವರ್ಷದ ಮಕ್ಕಳ ಖಾತೆಯಾದರೋ ಜಮೆಯಿಂದಲೇ ಆರಂಭ. 2024ರಲ್ಲಿ ಮಹಿಳಾ ತಂಡ ಮೊದಲು ಕಪ್ ತಂದುದರಿಂದ ಹೆಣ್ಣುಮಕ್ಕಳ ಜಮೆ ಒಂದು ವರ್ಷ ಹಿರಿದು. ಇವರಿಗೆ ಸೋಲು ಅನ್ಯಾಯವೆಂದೇ ತೋರುವುದು ಸಹಜ.

ಈ ಲೆಕ್ಕ ವಿನೋದಕ್ಕಷ್ಟೇ ಸೀಮಿತವಲ್ಲ. ಗೆಲುವಿನ ಮರುದಿನ, ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಬಹುಪಾಲು ಎಳೆಯ ವಯಸ್ಸಿನವರು. ಹದಿನೆಂಟು ವರ್ಷಗಳ ಬಾಕಿದಾರರೆಲ್ಲ ಒಂದೇ ಸಂಜೆ ಬಾಗಿಲಿಗೆ ಬರುವರೆಂಬುದು ಊಹೆಗೆ ನಿಲುಕದ ಸಂಗತಿಯಾಗಿರಲಿಲ್ಲ. ನಮ್ಮ ಊರುಗಳಲ್ಲಿಯೂ ಅಂತಿಮ ಪಂದ್ಯದಂದು ದೊಡ್ಡ ಪರದೆ ಹಾಕಿಸಲು ವರ್ತಕರಿಂದ ವಂತಿಗೆ ಕೇಳುವುದುಂಟು. ಹಣ ಕೊಡುವ ಸದಸ್ಯರು ಆ ಮೈದಾನಕ್ಕೆ ಹೊರಹೋಗುವ ದಾರಿಗಳೆಷ್ಟು, ಪೊಲೀಸರಿಗೆ ಮುಂಚಿತವಾಗಿ ತಿಳಿಸಲಾಗಿದೆಯೇ ಎಂಬುದನ್ನು ಸಂಘಟಕರಿಂದ ಬರಹದಲ್ಲಿ ಪಡೆಯಬೇಕೆಂದು ಕೋರುತ್ತೇನೆ.