ಹೆಳವನ ಚೋಪಡಿ, ತಲಾಠಿಯ ಡೈರಿ

ಅಪ್ಪ ತೀರಿಕೊಂಡ ಮೇಲೆ ಹೊಲದ ವಾರಸಾಕ್ಕೆಂದು ವಂಶಾವಳಿ ಬರೆಯಲು ಕುಳಿತೆ. ಅಪ್ಪ, ಅಜ್ಜ, ಮುತ್ತಜ್ಜ ಸರಸರ ಬಂದರು. ಮುತ್ತಜ್ಜಿಯ ಹೆಸರು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ನಾವು ಹುಟ್ಟೂದ್ರಾಗ ಹೋಗಿದ್ಲು. ಎಲ್ಲಾರೂ ಆಯಿ ಅಂತಿದ್ರು, ಹೆಸರ ಯಾರ ಹಿಡೀತಿದ್ರು?’ ಎಂದಳು ಸೋದರತ್ತೆ. ನಮ್ಮ ಅಂಗಳ ಗುಡಿಸಿ, ನಮ್ಮ ಅಜ್ಜನನ್ನು ಹೆತ್ತವಳು ಹೆಸರೇ ಇಲ್ಲದೆ ಉಳಿಯುವುದು ನನಗೆ ಸಹಿಸಲಾಗಲಿಲ್ಲ.

ಸುಗ್ಗಿ ಮುಗಿದಾಗ ಹೆಳವ ಬಂದ. ಎತ್ತಿನ ಮೇಲೆ ಕೌದಿ, ಕೈಯಲ್ಲಿ ಗಂಟೆ. ಹೆಳವ ಎಂದರೆ ಕುಂಟ ಎಂದರ್ಥ. ಕಾಲು ಮಡಿಚಿ, ಮೇಲೆ ಕೌದಿ ಹೊದ್ದು ಎತ್ತಿನ ಮೇಲೆ ಕೂಡುವುದು ಅವರ ಪದ್ಧತಿ. ತೆಲುಗು ಸೀಮೆಯಲ್ಲಿ ಹೀಗೆ ವಂಶ ಹೇಳುವವರನ್ನು ಪಿಚ್ಚಿಗುಂಟ ಎನ್ನುತ್ತಾರೆ. ಒಕ್ಕಲು ಮನೆತನಗಳ ವಂಶ ಹೇಳಿ ಕಾಳು, ಬಟ್ಟೆ ಪಡೆಯುವ ಹೆಳವರಲ್ಲಿ ಅಪ್ಪನಿಂದ ಮಗನಿಗೆ ಮನೆಗಳು ಹಂಚಿಕೆಯಾಗಿರುತ್ತವೆ.

ಆತ ಕಟ್ಟೆಯ ಮೇಲೆ ಕುಳಿತು ಚೋಪಡಿ ಬಿಚ್ಚಿದ. ಯಾವ ಊರಿಂದ ಬಂದೆವು, ಯಾವ ತಮ್ಮ ಬೇರೆ ಊರು ಹಿಡಿದ, ಯಾರ ವಂಶ ಅಲ್ಲಿಗೇ ನಿಂತಿತು, ಎಲ್ಲವನ್ನೂ ರಾಗವಾಗಿ ಓದಿದ. ಏಳು ತಲೆಮಾರು! ಮುತ್ತಜ್ಜಿಯನ್ನು ಕೇಳಿದೆ. ಹಾಳೆ ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ. ‘ಆ ಕಾಲದಾಗ ನಮ್ಮ ಹಿರ್ಯಾರು ಹೆಣ್ಣಮಕ್ಕಳ ಹೆಸರ ಬರಕೊಂಡಿಲ್ರಿ ಧಣ್ಯಾರ’ ಎಂದ. ಹೇಳುವಾಗ ಅವನ ಮುಖ ಸಣ್ಣದಾಯಿತು.

ಉಳಿದದ್ದು ಸರ್ಕಾರದ ಪುಸ್ತಕ. ಮುಂಬೈ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು 1835ರಲ್ಲಿ ಇಂದಾಪುರದಿಂದ ಆರಂಭಿಸಿದ ಭೂಮಾಪನ 1840ರ ದಶಕದಲ್ಲಿ ಧಾರವಾಡ ಸೀಮೆಗೂ ಬಂತು. ಹೊಲಕ್ಕೊಂದು ಸರ್ವೆ ನಂಬರು, ಬಾಂದುಕಲ್ಲು, ಮೂವತ್ತು ವರ್ಷಕ್ಕೆ ಗೊತ್ತಾದ ಕಂದಾಯ. ಆದರೆ ಆ ದಫ್ತರಕ್ಕೆ ಬೇಕಿದ್ದದ್ದು ಕಂದಾಯ ಕಟ್ಟುವವನ ಹೆಸರೊಂದೇ. ಹೊಲ ಯಾರ ಕೈಯಿಂದ ಯಾರ ಕೈಗೆ, ಯಾಕೆ ಹೋಯಿತು ಎಂದು ಬರೆಯುವುದು 1903ರ ಹಕ್ಕುದಾಖಲೆ ಕಾಯ್ದೆಯಿಂದ ಗಟ್ಟಿಯಾಯಿತು. ಸಾವು, ವಾಟ್ನಿ, ಖರೀದಿ ಎಲ್ಲಕ್ಕೂ ತಲಾಠಿಯ ಪುಸ್ತಕದಲ್ಲಿ ಒಂದೊಂದು ನೋಂದು ಬಿತ್ತು. ನಮ್ಮ ಕಡೆ ಜನ ಡೈರಿ ಎನ್ನುವುದು ಇದನ್ನೇ. ಹೊಲದ ಲೆಕ್ಕಕ್ಕೆಂದು ಹುಟ್ಟಿದ ಈ ಪುಸ್ತಕದೊಳಗೆ ಮನೆಗಳ ಕಥೆ ಹೀಗೆ ಸೇರಿಕೊಂಡಿತು.

ಕಂಪ್ಯೂಟರ್ ಪಹಣಿಯಿಂದ ಅಷ್ಟು ಹಿಂದಕ್ಕೆ ಹೋಗಲಾಗುವುದಿಲ್ಲ. ಈಗಿನ ಉತಾರದಲ್ಲಿರುವ ಡೈರಿ ನಂಬರು ಹಿಡಿದು ಅದರ ಹಿಂದಿನದು, ಅದರ ಹಿಂದಿನದು ಎಂದು ಮೆಟ್ಟಿಲಿಳಿಯಬೇಕು. ಸರ್ವೆ ನಂಬರು ಪೋಡಿಯಾಗಿ ಒಡೆದಿದ್ದರೆ ಹಳೆಯ ನಂಬರು ಹುಡುಕಬೇಕು. ನಾಲ್ಕನೆಯ ಸಲ ಹೋದಾಗ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ಅಂಚು ಮುಟ್ಟಿದರೆ ಹಪ್ಪಳದಂತೆ ಮುರಿಯುವ ಹಾಳೆ. ಶಾಯಿ ಮಾತ್ರ ಕಪ್ಪಗೆ ನಿಂತಿತ್ತು. 1918ರ ಇನ್‌ಫ್ಲುಯೆಂಜಾ ಮುಗಿದ ಮರುವರ್ಷದ ನೋಂದು. ಕಬ್ಜೇದಾರ ಮಯತ್, ಅಂದರೆ ತೀರಿಕೊಂಡಿದ್ದಾನೆ. ಮಗ ಅಜ್ಞಾನ, ಅಂದರೆ ಇನ್ನೂ ಪ್ರಾಯಕ್ಕೆ ಬಂದಿಲ್ಲ. ಅವನ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ’. ಅಜ್ಞಾನ ಪಾಲನಕರ್ತೆ ಎಂಬುದರ ಮೂರಕ್ಷರ. ಅದರ ಮುಂದೆ ಅವಳ ಹೆಸರು.

ಗಂಡ ಬದುಕಿದ್ದರೆ, ಮಗ ದೊಡ್ಡವನಾಗಿದ್ದರೆ ಅವಳ ಹೆಸರು ಅಲ್ಲಿ ಬರುತ್ತಲೇ ಇರಲಿಲ್ಲ. ಎಳೆಯ ಮಗನನ್ನು ಸೊಂಟದ ಮೇಲಿಟ್ಟುಕೊಂಡು ಚಾವಡಿಗೆ ಹೋಗಿ, ಹೊಲ ಕೈಬಿಡದಂತೆ ವರ್ದಿ ಕೊಟ್ಟಿರಬೇಕು. ಅಕ್ಷರದ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತೆ.

ನಕಲು ತಂದು ಸೋದರತ್ತೆಗೆ ಓದಿ ಹೇಳಿದೆ. ಅವಳು ಗಕ್ಕನೆ ತಲೆ ಎತ್ತಿದಳು.

‘ನಮ್ಮ ಹಿರೇ ಅಕ್ಕನ ಸಾಲಿ ಹೆಸರ ಅದ ಇತ್ತಪಾ. ನಮ್ಮವ್ವ ಒಂದ್ ದಿನಾನೂ ಹೆಸರ ಹಿಡದ ಕರೀಲಿಲ್ಲ, ಅಮ್ಮವ್ವಾ ಅಂತಿದ್ಲು. ಯಾಕಂತ ಈಗ ತಿಳೀತು. ಅತ್ತಿ ಹೆಸರಲ್ಲೇನು ಅದು!’