ಮಾತ್ರೆ ಬರೆದ ಮೇಲೆ ಮನೆಗೆ ಹೋಗುವವರು ಯಾರು?

ಸ್ಕಿಜೋಫ್ರೇನಿಯಾ ಇರುವವರಿಗೆ ಮಾತ್ರೆ ಬರೆದುಕೊಡಲು ಮನೋವೈದ್ಯರಿಗೆ ಕೆಲವೇ ನಿಮಿಷ ಸಾಕು. ಆ ಮಾತ್ರೆಯನ್ನು ಅವರು ಮೂರನೇ ತಿಂಗಳಲ್ಲೂ ನುಂಗುತ್ತಿದ್ದಾರೆಯೇ? ಬಿಟ್ಟಿದ್ದರೆ ಯಾಕೆ ಬಿಟ್ಟರು? ಕೈ ನಡುಗುತ್ತದೆಂದೋ, ತಾಲ್ಲೂಕು ಆಸ್ಪತ್ರೆಗೆ ಹೋಗಲು ಬಸ್ಸಿಗೆ ದುಡ್ಡಿಲ್ಲವೆಂದೋ, ಇದು ಗಾಳಿ ಸೋಕಿದ್ದು ಮಾತ್ರೆ ಯಾಕೆ ಎಂದು ಮನೆಯ ಹಿರಿಯರು ತಡೆದರೆಂದೋ? ಇದನ್ನು ತಿಳಿಯಬೇಕಾದರೆ ಯಾರಾದರೂ ಹೋಗಿ ಅವರ ಮನೆಯ ಜಗಲಿಯ ಮೇಲೆ ಕೂರಬೇಕು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನದ ಅರ್ಜಿ, ಕೈತಪ್ಪಿದ ಕೂಲಿ, ಸೋತುಹೋದ ತಾಯಿಗೆ ನಾಲ್ಕು ಸಮಾಧಾನದ ಮಾತು, ಇವೆಲ್ಲ ಚಿಕಿತ್ಸೆಗೆ ಸೇರಿದ ಕೆಲಸಗಳೇ. ಇಷ್ಟನ್ನೂ ಒಬ್ಬರೇ ಹೊತ್ತು ನಡೆಸಿದರೆ ಬೇರೆ ದೇಶಗಳಲ್ಲಿ ಅವರನ್ನು ಕೇಸ್ ಮ್ಯಾನೇಜರ್ ಎನ್ನುತ್ತಾರೆ. ನಮ್ಮಲ್ಲಿ ಈ ಹೊಣೆ ಹೆಚ್ಚಾಗಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರದು.

ಇಂಥವರು ನಮ್ಮಲ್ಲಿ ಮೊದಲೇ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2017ರ ಮಾನಸಿಕ ಆರೋಗ್ಯ ಅಟ್ಲಾಸ್ ಪ್ರಕಾರ ಭಾರತದಲ್ಲಿ ಈ ಕ್ಷೇತ್ರದ ಸಮಾಜ ಕಾರ್ಯಕರ್ತರು ಲಕ್ಷ ಜನಕ್ಕೆ 0.06, ಅಂದರೆ ಕೋಟಿ ಜನಕ್ಕೆ ಆರು ಮಂದಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 0.8ರಷ್ಟು ಮಂದಿಗೆ ತೀವ್ರ ಸ್ವರೂಪದ ಮನೋರೋಗ ಕಂಡುಬಂದಿತ್ತು. ಹತ್ತು ಲಕ್ಷ ವಯಸ್ಕರಿರುವ ಜಿಲ್ಲೆಯಲ್ಲಿ ಅದು ಎಂಟು ಸಾವಿರ ಜನ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಇವರೆಲ್ಲರಿಗಾಗಿ ಇರುವ ಸಮಾಜ ಕಾರ್ಯಕರ್ತರ ಹುದ್ದೆ ಒಂದು.

ಇದ್ದ ಒಂದು ದಾರಿಯೂ ಈಗ ಮುಚ್ಚುವ ಹಂತಕ್ಕೆ ಬಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿಯ ಜೊತೆಗೆ ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯಡಿ ತರಬೇತಿ ಪಡೆಯುವ ಎರಡು ವರ್ಷಗಳ ಎಂ.ಫಿಲ್ ಮಾಡಿದವರೇ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿಗೂ ಅದೇ ಅಳತೆಗೋಲು. ಇತ್ತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್ ಪದವಿಯನ್ನೇ ಕೈಬಿಟ್ಟಿತು. ಯುಜಿಸಿ ಈ ವಿಷಯಕ್ಕೂ ಚಿಕಿತ್ಸಾ ಮನೋವಿಜ್ಞಾನಕ್ಕೂ ಮಾತ್ರ ವಿನಾಯಿತಿ ಕೊಟ್ಟು, 2025-26ನೇ ಸಾಲಿನವರೆಗೆ ಪ್ರವೇಶಕ್ಕೆ ಅವಕಾಶ ಕಲ್ಪಿಸಿತು. ಆ ಸಾಲಿನಲ್ಲಿ ಸೇರಿದವರು ಹೊರಬರುವುದು 2027ರಲ್ಲಿ. ಅದೇ ಕಾಯ್ದೆಯ 31ನೇ ಕಲಮು, ಕಾಯ್ದೆ ಜಾರಿಯಾದ ಹತ್ತು ವರ್ಷದೊಳಗೆ ಮಾನಸಿಕ ಆರೋಗ್ಯ ವೃತ್ತಿಪರರ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಾನದಂಡಕ್ಕೆ ತರಲು ಸರ್ಕಾರಗಳು ಶ್ರಮಿಸಬೇಕು ಎನ್ನುತ್ತದೆ. ಕಾಯ್ದೆ ಜಾರಿಯಾದದ್ದು 2018ರ ಮೇ 29ರಂದು. ಸಂಖ್ಯೆ ಏರಬೇಕಾದ ಗಡುವಿಗೆ ಒಂದು ವರ್ಷ ಮೊದಲೇ ತರಬೇತಿಯ ಕೊನೆಯ ತಂಡ ಹೊರಬಿದ್ದಿರುತ್ತದೆ.

ಮನೆಮನೆಗೆ ಹೋಗುವ ಈ ಕೆಲಸದಿಂದ ನಿಜಕ್ಕೂ ಪ್ರಯೋಜನ ಇದೆಯೇ? ತೀವ್ರ ಮನೋರೋಗ ಇರುವವರಿಗೆ ಒಬ್ಬೊಬ್ಬರ ಪಾಲಿಗೆ ಇಪ್ಪತ್ತಕ್ಕಿಂತ ಹೆಚ್ಚು ರೋಗಿಗಳು ಬಾರದಂತೆ ಕೇಸ್ ಮ್ಯಾನೇಜರ್‌ಗಳನ್ನು ಕೊಟ್ಟರೆ ಏನಾಗುತ್ತದೆ ಎಂದು ನೋಡಿದ 40 ಪ್ರಯೋಗಗಳನ್ನು 2017ರ ಕಾಕ್ರೇನ್ ಸಮೀಕ್ಷೆ ಒಟ್ಟುಗೂಡಿಸಿತು. ಅವುಗಳಲ್ಲಿ ಭಾಗವಹಿಸಿದವರು 7,524 ಮಂದಿ. ಸಾಮಾನ್ಯ ಆರೈಕೆಗೆ ಹೋಲಿಸಿದರೆ ತಿಂಗಳಿಗೆ ಸರಾಸರಿ 0.86 ದಿನದಷ್ಟು ಆಸ್ಪತ್ರೆವಾಸ ತಗ್ಗಿತು, ನಡುವೆ ಚಿಕಿತ್ಸೆ ಬಿಟ್ಟುಹೋಗುವವರೂ ಕಡಿಮೆಯಾದರು. ಈ ಪುರಾವೆ ಅಷ್ಟೇನೂ ಗಟ್ಟಿಯಲ್ಲ ಎಂದು ಸಮೀಕ್ಷಕರೇ ಬರೆದಿದ್ದಾರೆ. ಪ್ರಯೋಗಗಳೂ ಬಹುಪಾಲು ಶ್ರೀಮಂತ ದೇಶಗಳವು. ನಮ್ಮ ನೆಲದ ಸಾಕ್ಷ್ಯವೂ ಇದೆ. ಗೋವಾ, ಸತಾರಾ, ಕಾಂಚೀಪುರಂಗಳಲ್ಲಿ 282 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಸಮುದಾಯ ಕಾರ್ಯಕರ್ತರ ಆರೈಕೆಯೂ ಸಿಕ್ಕವರಲ್ಲಿ ಒಂದು ವರ್ಷದ ಕೊನೆಗೆ ರೋಗಲಕ್ಷಣ, ಅಸಾಮರ್ಥ್ಯ ಎರಡೂ ತುಸು ಹೆಚ್ಚು ತಗ್ಗಿದ್ದವು. ಕಳಂಕದ ಅನುಭವ ಮಾತ್ರ ತಗ್ಗಲಿಲ್ಲ, ಖರ್ಚೂ ಹೆಚ್ಚಾಯಿತು. ನಿಮ್ಹಾನ್ಸ್ ತಂಡಗಳು ತೀರ್ಥಹಳ್ಳಿಯಲ್ಲೂ ತುರುವೇಕೆರೆಯಲ್ಲೂ ವರ್ಷಗಟ್ಟಲೆ ರೋಗಿಗಳ ಬೆನ್ನುಹತ್ತಿ ನಡೆಸಿದ ಕೆಲಸದಲ್ಲೂ ಚಿಕಿತ್ಸೆ ತಪ್ಪದೆ ಮುಂದುವರಿದವರ ಅಸಾಮರ್ಥ್ಯ ತಗ್ಗಿದ್ದು ಕಂಡುಬಂತು.

ಹಾಗಾದರೆ ಆಶಾ ಕಾರ್ಯಕರ್ತೆಯರಿಗೋ, ಪಂಚಾಯಿತಿಗೊಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೋ ಇದನ್ನು ವಹಿಸಬಾರದೇಕೆ? ಸಭೆಗಳಲ್ಲಿ ಈ ಸಲಹೆ ಬಾರದ ದಿನವಿಲ್ಲ. ಲ್ಯಾನ್ಸೆಟ್ ಪ್ರಯೋಗದಲ್ಲೂ ಮನೆಗೆ ಹೋದವರು ಸಾಮಾನ್ಯ ಜನರೇ, ನಿಜ. ಆದರೆ ಅವರಿಗೆ ಅದೊಂದೇ ಕೆಲಸವಾಗಿತ್ತು, ತರಬೇತಿ ಸಿಕ್ಕಿತ್ತು, ತೊಡಕಾದಾಗ ಕೇಳಲು ಮೇಲ್ವಿಚಾರಕರಿದ್ದರು, ಅವರ ಹಿಂದೆ ಮನೋವೈದ್ಯರಿದ್ದರು. ಆ ನಡುವಿನ ಮೆಟ್ಟಿಲನ್ನು ತೆಗೆದುಹಾಕಿ, ಬಾಣಂತಿ, ಲಸಿಕೆ, ಸಮೀಕ್ಷೆಗಳ ಹೊರೆಯ ಮೇಲೆ ಇದನ್ನೂ ಹೇರಿದರೆ ಫಲಿತಾಂಶ ಅದೇ ಬರುತ್ತದೆಂದು ನಂಬಲು ಯಾವ ಪುರಾವೆಯೂ ಇಲ್ಲ.

ಪದವಿ ಮುಗಿಸಿ ಬಂದವರ ಪಾಡೂ ಹೇಳಿಕೊಳ್ಳುವಂತಿಲ್ಲ. ಇಡೀ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಆ ಹೆಮ್ಮೆ ನಮ್ಮದು. ಅಷ್ಟು ವರ್ಷ ಕಳೆದರೂ ಈ ಕಾರ್ಯಕ್ರಮದ ಹುದ್ದೆಗಳು ಬಹುಮಟ್ಟಿಗೆ ಗುತ್ತಿಗೆಯವು. ಸೇರಿದ ಹುದ್ದೆಯಿಂದ ಮೇಲಿನದಕ್ಕೆ ಏಣಿ ಇಲ್ಲ. ಹತ್ತು ವರ್ಷ ಹಳ್ಳಿ ಸುತ್ತಿದವರಿಗೂ ನಿನ್ನೆ ಸೇರಿದವರಿಗೂ ಹುದ್ದೆಯ ಹೆಸರು ಒಂದೇ. ಇನ್ನೂ ಕೆಳಗಿನ ಪುನರ್ವಸತಿ ಕಾರ್ಯಕರ್ತರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅನುಭವಿಗಳು ಬಿಟ್ಟುಹೋದಾಗ ಅವರೊಂದಿಗೆ ಹೋಗುವುದು ಕಡತವಲ್ಲ, ಯಾವ ಮನೆಯಲ್ಲಿ ಯಾರೊಂದಿಗೆ ಮಾತಾಡಿದರೆ ಬಾಗಿಲು ತೆರೆಯುತ್ತದೆ ಎಂಬ ತಿಳಿವಳಿಕೆ. ಅದನ್ನು ಹೊಸಬರಿಗೆ ಕಲಿಸಲು ಹಳಬರು ಬೇಕು. ಮೇಲ್ವಿಚಾರಣೆ ಎಂದರೆ ಅದೇ ಅಲ್ಲವೇ?

ಕಾಯ್ದೆ ರೋಗಿಗೆ ಸಮುದಾಯದಲ್ಲಿ ಬಾಳುವ ಹಕ್ಕು ಕೊಟ್ಟಿರುವುದರಿಂದ ಈ ಕೊರತೆಯ ಅಪಾಯ ಇನ್ನೂ ದೊಡ್ಡದಾಗಿದೆ. ದೇಶದ 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ನೋಡಿದ 2019ರ ವರದಿಯೊಂದರ ಪ್ರಕಾರ ಅಲ್ಲಿದ್ದವರಲ್ಲಿ ಶೇ 36.25ರಷ್ಟು ಮಂದಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲದಿಂದ ಒಳಗಿದ್ದರು. ಗುಣವಾದವರನ್ನು ಹೊರತರಬೇಕೆಂದು ಸುಪ್ರೀಂ ಕೋರ್ಟ್ ಕೂಡ ಸರ್ಕಾರಗಳ ಮೇಲೆ ಒತ್ತಡ ಹಾಕಿದೆ. ಹೊರತರಲೇಬೇಕು. ಆದರೆ ಹೊರಗೆ ಕಾಯುವವರಿಲ್ಲದೆ ತಂದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕಾ ತೋರಿಸಿಕೊಟ್ಟಿದೆ. ಅಲ್ಲಿನ ಗೌಟೆಂಗ್ ಪ್ರಾಂತ್ಯದ ಆರೋಗ್ಯ ಇಲಾಖೆ ಖರ್ಚು ಉಳಿಸಲು, ಮನೋರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಲೈಫ್ ಎಸಿಡಿಮೆನಿ ಸಂಸ್ಥೆಯೊಂದಿಗಿನ ಒಪ್ಪಂದವನ್ನು ಮುರಿದು, 2016ರಲ್ಲಿ ಸಾವಿರಕ್ಕೂ ಮಿಕ್ಕಿದ ಮನೋರೋಗಿಗಳನ್ನು ಅವಸರದಲ್ಲಿ ಸಾಗಿಸಿತು. ಬಹಳ ಮಂದಿಯನ್ನು ಒಪ್ಪಿಸಿದ್ದು ಕ್ರಮಬದ್ಧ ಪರವಾನಗಿಯೇ ಇಲ್ಲದ ಸ್ವಯಂಸೇವಾ ಸಂಸ್ಥೆಗಳಿಗೆ. ಎಷ್ಟೋ ಮಂದಿಯ ಕಡತ ಜೊತೆಗೆ ಹೋಗಲಿಲ್ಲ, ಯಾರನ್ನು ಎಲ್ಲಿಗೆ ಕಳಿಸಲಾಯಿತೆಂದು ಮನೆಯವರಿಗೇ ತಿಳಿಯಲಿಲ್ಲ. 144 ಮಂದಿ ಸತ್ತರು. ಹಸಿವು, ನಿರ್ಜಲೀಕರಣ, ಅಲಕ್ಷ್ಯಗಳ ಸಾವುಗಳೂ ಅವುಗಳಲ್ಲಿದ್ದವು. ನಿವೃತ್ತ ನ್ಯಾಯಮೂರ್ತಿ ಡಿಕ್‌ಗಾಂಗ್ ಮೊಸೆನೆಕೆ 2018ರ ಮಾರ್ಚ್‌ನಲ್ಲಿ ಕುಟುಂಬಗಳಿಗೆ ಪರಿಹಾರ ಕೊಡಿಸಿದರು. ನಮ್ಮಲ್ಲಿ ಇಂಥ ದುರಂತ ಹೀಗೆ ಒಂದೇ ಕಡೆ, ಎಣಿಸಬಹುದಾದ ಸಾವಾಗಿ ಬರಲಾರದು. ಮಾತ್ರೆ ತಪ್ಪಿದವರು, ಮನೆಬಿಟ್ಟವರು, ಕೊಟ್ಟಿಗೆಯಲ್ಲಿ ಕಟ್ಟಿಹಾಕಲ್ಪಟ್ಟವರು ಹಳ್ಳಿಹಳ್ಳಿಗೆ ಹಂಚಿಹೋಗಿರುತ್ತಾರೆ. ಲೆಕ್ಕ ಇಡಬೇಕಾದ ಹುದ್ದೆಯೇ ಖಾಲಿ ಇರುತ್ತದೆ.

ಎಂ.ಫಿಲ್ ಹೋಯಿತೆಂದು ಅಳುವವನು ನಾನಲ್ಲ. ಸೀಟು ಕಡಿಮೆ, ಕಲಿಸುವ ಕೇಂದ್ರಗಳೂ ಕೈಬೆರಳೆಣಿಕೆಯವು. ಹೀಗಿರುವಾಗ ಆ ಪದವಿಯೊಂದರಿಂದಲೇ ಜಿಲ್ಲೆಗಳು ತುಂಬುತ್ತಿರಲಿಲ್ಲ. ಉಳಿಯಬೇಕಾದದ್ದು ಅದರೊಳಗಿನ ಮೇಲ್ವಿಚಾರಣೆಯ ತರಬೇತಿ. ಇದಕ್ಕೆ ಸಂಸತ್ತಿನವರೆಗೆ ಹೋಗಬೇಕಿಲ್ಲ. ಎಂ.ಫಿಲ್ ಬೇಕೆನ್ನುವ 2017ರ ಕಾಯ್ದೆಯ ಅದೇ ವಾಕ್ಯದ ಕೊನೆಯಲ್ಲಿ, ನಿಯಮಗಳ ಮೂಲಕ ಬೇರೆ ಮಾನ್ಯ ಅರ್ಹತೆಯನ್ನು ಸೂಚಿಸಲು ಅವಕಾಶವಿದೆ. 2021ರ ಸಂಯೋಜಿತ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಹೆಸರೂ ಇದೆ. ಎಂಎಸ್‌ಡಬ್ಲ್ಯು ಕಲಿಸುವ ಕಾಲೇಜುಗಳಿಗೆ ನಮ್ಮಲ್ಲಿ ಬರವಿಲ್ಲ, ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಆದರೆ ಇಂದು ಹೊಸ ಎರಡು ವರ್ಷಗಳ ಕೋರ್ಸು ಶುರುವಾದರೂ ಮೊದಲ ತಂಡ ಹೊರಬರಲು ಎರಡು ವರ್ಷ ಬೇಕೇ ಬೇಕು. ಬಂದವರು ಗುತ್ತಿಗೆಯ ಹುದ್ದೆ ನೋಡಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗೋ ಕಂಪನಿಗಳ ಆಪ್ತಸಮಾಲೋಚನೆಗೋ ಹೋಗದಿರಬೇಕಾದರೆ, ತಾಲ್ಲೂಕಿಗೊಂದು ಕಾಯಂ ಹುದ್ದೆ, ಅದರ ಮೇಲೆ ಜಿಲ್ಲಾ ಮೇಲ್ವಿಚಾರಕರ ಹುದ್ದೆ ಮುಂದಿನ ಬಜೆಟ್ಟಿನಲ್ಲೇ ಮಂಜೂರಾಗಬೇಕು.